ಹೇಮಕುಂಡದ ಕೋಡಿ

ಕೆರೆಯೆಂದರೆ ಕನ್ನಡಿಗನ ಪಾಲಿಗೆ ಮನುಷ್ಯರು ಕಟ್ಟಿದ ವಸ್ತು. ಅದಕ್ಕೊಂದು ಏರಿ, ಏರಿಯ ಮೇಲೊಂದು ಗುಡಿ, ತೂಬು, ತೂಬನ್ನು ತೆರೆದು ಮುಚ್ಚಲು ಒಬ್ಬ ನೀರುಗಂಟಿ, ಮಳೆ ಹೆಚ್ಚಾದಾಗ ಮಿಕ್ಕ ನೀರು ಹರಿದುಹೋಗಲು ಕೋಡಿ. ಇಷ್ಟೂ ಸೇರಿದರೆ ಕೆರೆ. ನಮ್ಮ ಶಾಸನಗಳು ಕೆರೆ ಕಟ್ಟಿಸಿದವರನ್ನು ಹೊಗಳುತ್ತವೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಕೆರೆಗಾಗಿ ಪ್ರಾಣ ತೆತ್ತ ಭಾಗೀರಥಿಯ ಕಥೆಯನ್ನು ಹಾಡಿದ್ದಾರೆ. ಆ ‘ಕೆರೆಗೆ ಹಾರ’ವನ್ನು ವರ್ಷವರ್ಷವೂ ಪಾಠ ಹೇಳುವ ನನಗೆ ಯಾರೂ ಕಟ್ಟದ, ಯಾರೂ ಕಾಯದ ಕೆರೆಯೊಂದಿರಬಹುದೆಂಬ ಕಲ್ಪನೆಯೇ ಬಹುಕಾಲ ಬಂದಿರಲಿಲ್ಲ.

ಅಂಥ ಕೆರೆಗಳು ಹಿಮಾಲಯದಲ್ಲಿ ಬೇಕಾದಷ್ಟಿವೆ. ಮರಗಳು ಬೆಳೆಯುವ ಎಲ್ಲೆಯನ್ನು ದಾಟಿದ ಮೇಲೆ ಬರಿಯ ಹುಲ್ಲು, ಬಂಡೆ, ಹಿಮ. ಹಿಂದೊಂದು ಕಾಲದಲ್ಲಿ ಅಲ್ಲಿ ಹಿಮನದಿಗಳು ಮೆಲ್ಲಮೆಲ್ಲನೆ ಜಾರುತ್ತ ಬೆಟ್ಟವನ್ನು ಬಟ್ಟಲಿನಂತೆ ಕೆತ್ತಿದವು. ಹೊತ್ತು ತಂದ ಕಲ್ಲುಮಣ್ಣನ್ನು ಎಷ್ಟೋ ಕಡೆ ಬಟ್ಟಲಿನ ಅಂಚಿಗೆ ಸುರಿದು ತಾವು ಕರಗಿ ಹಿಂದೆ ಸರಿದವು. ಬಟ್ಟಲಿನಲ್ಲಿ ನಿಂತ ನೀರೇ ಸರೋವರ. ಅಂಚಿನ ರಾಶಿಯೇ ಏರಿ. ಎಂಜಿನಿಯರ್ ಇಲ್ಲ, ಕಂಟ್ರಾಕ್ಟರ್ ಇಲ್ಲ, ಬಿಲ್ಲಿನ ತಗಾದೆಯೂ ಇಲ್ಲ!

ಈ ಕೊನೆಯ ಮಾತು ನನ್ನದಲ್ಲ, ನನ್ನ ಮಾವನವರದು. ಅವರು ಸಣ್ಣ ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತರಾದವರು. ಕಳೆದ ವರ್ಷ ಸೆಪ್ಟೆಂಬರಿನಲ್ಲಿ, ಕಾಲೇಜಿನ ಪರೀಕ್ಷೆಗಳು ಮುಗಿದು ನನಗೆ ಕೆಲವು ದಿನ ಬಿಡುವು ದೊರೆತಾಗ, “ಬದರಿಯ ದರ್ಶನವೂ ಆಗಲಿ, ಹಾಗೆಯೇ ಹೇಮಕುಂಡವನ್ನೂ ನೋಡೋಣ” ಎಂದು ಹೊರಡಿಸಿದವರು ಅವರೇ.

ಬದರಿಯ ದಾರಿಯಲ್ಲಿ ಗೋವಿಂದಘಾಟ್ ಎಂಬ ಊರು ಸಿಗುತ್ತದೆ. ಅಲ್ಲಿಂದ ಸ್ವಲ್ಪ ದೂರ ಮೋಟಾರಿನಲ್ಲೂ, ಅನಂತರ ಕಾಲ್ನಡಿಗೆಯಲ್ಲೂ ಹೋದರೆ ಘಾಂಗರಿಯಾ. ಸಮುದ್ರಮಟ್ಟದಿಂದ ಸುಮಾರು 3,050 ಮೀಟರ್. ಹೂವುಗಳ ಕಣಿವೆಗೂ ಹೇಮಕುಂಡಕ್ಕೂ ದಾರಿಗಳು ಕವಲೊಡೆಯುವುದು ಇಲ್ಲಿಯೇ. ಹೇಮಕುಂಡವಿರುವುದು ಸುಮಾರು 4,300 ಮೀಟರ್ ಎತ್ತರದಲ್ಲಿ. ನಡೆಯಬೇಕಾದ ದೂರ ಆರು ಕಿಲೋಮೀಟರು ಮಾತ್ರ. ಆದರೆ ಆ ಆರರಲ್ಲಿ ಒಂದೂಕಾಲು ಕಿಲೋಮೀಟರು ನೆಟ್ಟಗೆ ಮೇಲಕ್ಕೇರಿದಂತೆ! ಮೇಲೆ ರಾತ್ರಿ ತಂಗಲು ಅನುಮತಿಯಿಲ್ಲ. ಬೆಳಗಾಗುವ ಮುನ್ನ ಹೊರಟು ಸರೋವರವನ್ನು ಕಂಡು ಮಧ್ಯಾಹ್ನವೇ ಇಳಿಯತೊಡಗಬೇಕು. ಅಪರಾಹ್ನದಲ್ಲಿ ಮೋಡ ಕವಿದರೆ ದಾರಿಯೂ ಕಾಣದು, ಚಳಿಯೂ ತಡೆಯದು. ಸಾಲದುದಕ್ಕೆ, ಆ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರತೀರದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲು ಮಾತ್ರ.

ಬೆಳಗಿನ ಐದಕ್ಕೆ ಹೊರಟೆವು. ಮಾವನವರದು ಲೆಕ್ಕದ ನಡಿಗೆ. ಇಪ್ಪತ್ತು ಹೆಜ್ಜೆ, ಒಂದು ನಿಲುಗಡೆ. ಹೆಗಲ ಮೇಲೆ ಮಕ್ಕಳನ್ನು ಹೊತ್ತ ಪಂಜಾಬಿನ ತಂದೆಯರು, ಕೋಲೂರುವ ಅಜ್ಜಿಯರು ‘ವಾಹೆ ಗುರು’ ಎನ್ನುತ್ತ ನಮ್ಮನ್ನು ದಾಟಿ ಹೋಗುತ್ತಿದ್ದರು. ಮರಗಳು ಹಿಂದುಳಿದವು. ಬಂಡೆಗಳ ಸಂದಿಯಲ್ಲಿ ಬ್ರಹ್ಮಕಮಲ ಕಾಣಿಸಿತು. ನಮ್ಮ ಮನೆಗಳ ಕುಂಡದಲ್ಲಿ ನಡುರಾತ್ರಿ ಅರಳಿ, ನೆರೆಹೊರೆಯವರನ್ನೆಲ್ಲ ಕಾಫಿಗೆ ಕರೆಸುವ ಹೂವಿಗೂ ನಾವು ಅದೇ ಹೆಸರಿಟ್ಟಿದ್ದೇವಷ್ಟೆ. ಅದು ಅಮೆರಿಕ ಖಂಡದಿಂದ ಬಂದ ಕಳ್ಳಿಯ ಜಾತಿ. ಇದು ಹಿಮಾಲಯದ ಸ್ವಂತ ಸಂತಾನ; ತೆಳ್ಳನೆಯ ಹಾಲುಬಣ್ಣದ ಎಸಳುಗಳಂಥ ಎಲೆಗಳನ್ನು ಹೊದ್ದು, ಚಳಿಗೆ ಸೆರಗು ಮುಚ್ಚಿಕೊಂಡ ಮುತ್ತೈದೆಯ ಹಾಗೆ ಕುಳಿತಿತ್ತು.

ಒಂಬತ್ತರ ಹೊತ್ತಿಗೆ, ಇನ್ನು ಒಂದೂವರೆ ಕಿಲೋಮೀಟರು ಉಳಿದಿರುವಾಗ, ಮಾವನವರು ಒಂದು ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟರು. ತಲೆನೋವಿಲ್ಲ, ಉಸಿರೂ ಸರಿಯಾಗಿತ್ತು. ಬಲಮಂಡಿ ಮಾತ್ರ ಮಾತು ಕೇಳುತ್ತಿರಲಿಲ್ಲ.

“ಹೇಸರಗತ್ತೆ ಮಾಡೋಣ, ಮಾವ,” ಎಂದೆ.

“ಇಳಿಯುವುದಕ್ಕೆ ಮಾಡೋಣ. ಹತ್ತುವುದು ಇಲ್ಲಿಗೆ ಸಾಕು. ನೀವು ಹೋಗಿಬನ್ನಿ.”

“ಇಷ್ಟು ದೂರ ಬಂದು...”

“ಇಷ್ಟು ದೂರ ಬಂದದ್ದಾಯಿತಲ್ಲ! ನೋಡಿ, ಕವಿಗಳ ಹಾಗೆ ನೀಲಿ, ಕನ್ನಡಿ ಎಂದೆಲ್ಲ ವರ್ಣಿಸಬೇಡಿ. ಏರಿ ಎಂಥದ್ದು, ಕೋಡಿ ಎಲ್ಲಿದೆ, ಅಷ್ಟು ನೋಡಿಕೊಂಡು ಬಂದರೆ ಸಾಕು.”

ಅಂಗಡಿಯವನಿಗೆ ಅವರನ್ನು ಒಪ್ಪಿಸಿ ಹೊರಟೆ. ಕೊನೆಯಲ್ಲಿ ಸಾವಿರಕ್ಕೂ ಮಿಕ್ಕ ಕಲ್ಲುಮೆಟ್ಟಿಲುಗಳು. ಅವನ್ನು ಹತ್ತಿ ಮುಗಿಸಿದಾಗ ಮೊದಲು ಕಂಡದ್ದು ಮಂಜು. ಅನಂತರ ಮಂಜಿನೊಳಗಿನಿಂದ ಗುರುದ್ವಾರದ ಮಾಡು, ಲಕ್ಷ್ಮಣನ ಪುಟ್ಟ ಗುಡಿ, ಆಮೇಲೆ ನೀರು. ತಮ್ಮ ಹಿಂದಿನ ಜನ್ಮದಲ್ಲಿ ಏಳು ಶಿಖರಗಳ ನಡುವಿನ ಹೇಮಕುಂಡದಲ್ಲಿ ತಪಸ್ಸು ಮಾಡಿದುದಾಗಿ ಗುರು ಗೋವಿಂದಸಿಂಹರು ‘ಬಚಿತ್ತರ ನಾಟಕ’ದಲ್ಲಿ ಹೇಳಿಕೊಂಡಿದ್ದಾರೆ. 1930ರ ದಶಕದಲ್ಲಿ ಸಿಖ್ ಭಕ್ತರು ಆ ಸ್ಥಳವನ್ನು ಅರಸುತ್ತ ಈ ಸರೋವರಕ್ಕೆ ಬಂದರು. ಬೆಟ್ಟದ ಹಳ್ಳಿಗಳವರಿಗೆ ಇದು ಅದಕ್ಕೂ ಹಿಂದಿನಿಂದ ಲೋಕಪಾಲ, ಲಕ್ಷ್ಮಣನ ತೀರ್ಥ. ಜನರು ಆ ಕೊರೆಯುವ ನೀರಿನಲ್ಲಿ ಮುಳುಗಿ ಎದ್ದು ನಡುಗುತ್ತ ನಗುತ್ತಿದ್ದರು. ನಾನೂ ಮುಳುಗಿದೆ. ಎಂ.ಎ. ತರಗತಿಯಲ್ಲಿ ಕಲಿತ ಉಪಮೆಗಳಲ್ಲಿ ಒಂದೂ ಆ ಕ್ಷಣದಲ್ಲಿ ನೆನಪಾಗಲಿಲ್ಲ. ಲಂಗರಿನಲ್ಲಿ ಕೊಟ್ಟ ಬಿಸಿ ಕಿಚಡಿ, ಚಹಾ ಹೊಟ್ಟೆ ಸೇರಿದ ಮೇಲೆಯೇ ಮೈಗೆ ಜೀವ ಬಂದದ್ದು.

ಆಮೇಲೆ ಮಾವನವರ ಕಣ್ಣಿನಿಂದ ನೋಡತೊಡಗಿದೆ. ದಂಡೆಯುದ್ದಕ್ಕೂ ಒಂದರ ಮೇಲೊಂದು ಬಿದ್ದ ಬಂಡೆಗಳು. ಒಂದೆಡೆ ಅವುಗಳ ನಡುವೆ ನುಸುಳಿ ಹೊರಬೀಳುತ್ತಿದ್ದ ನೀರು. ಅದೇ ತೊರೆ ಕೆಳಗೆ ಘಾಂಗರಿಯಾದ ಹತ್ತಿರ ಪುಷ್ಪಾವತಿಯನ್ನು ಕೂಡುತ್ತದೆ. ಗೋವಿಂದಘಾಟಿನಲ್ಲಿ ಅಲಕನಂದೆಯನ್ನು ಸೇರಿ ಮುಂದೆ ಗಂಗೆಯಾಗುತ್ತದೆ. ಉಳಿದ ಯಾತ್ರಿಕರು ಶಿಖರಗಳತ್ತ ಕೈಮುಗಿಯುತ್ತಿದ್ದಾಗ ನಾನೊಬ್ಬನೇ ಆ ಸಣ್ಣ ಝರಿಯ ಮುಂದೆ ಹತ್ತು ನಿಮಿಷ ನಿಂತಿದ್ದೆ.

ಕೆಳಗಿಳಿದು ಬಂದು, “ಕೋಡಿ ಇದೆ, ಮಾವ. ಹರಿಯುತ್ತಿದೆ,” ಎಂದೆ.

ಅವರು ನಿಟ್ಟುಸಿರುಬಿಟ್ಟ ರೀತಿ ನನಗೆ ಸೋಜಿಗವೆನಿಸಿತು. ಕೇದಾರದ ಮೇಲೆ ಚೋರಾಬಾರಿ ಎಂಬ ಸರೋವರವಿತ್ತು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಅಲ್ಲಿ ವಿಸರ್ಜಿಸಿದ್ದರಿಂದ ಅದನ್ನು ಗಾಂಧಿ ಸರೋವರವೆಂದೂ ಕರೆಯುತ್ತಾರೆ. ಅದಕ್ಕೆ ಕೋಡಿ ಇರಲಿಲ್ಲ. ನೀರು ತಳದ ಸಂದುಗಳಲ್ಲಿ ಜಿನುಗಿ ಹೋಗಬೇಕಾಗಿತ್ತು. 2013ರ ಜೂನ್ 17ರ ಬೆಳಗ್ಗೆ, ಬಿಡದೆ ಸುರಿದ ಮಳೆಗೆ ಅದರ ಕಲ್ಲುಮಣ್ಣಿನ ಒಡ್ಡು ಒಡೆಯಿತು; ಕೆಲವೇ ನಿಮಿಷಗಳಲ್ಲಿ ಸರೋವರವೆಲ್ಲ ಕೇದಾರದ ಮೇಲೆ ಬಿತ್ತು. ಅದೇ ಮಳೆಯ ಪ್ರವಾಹದಲ್ಲಿ ಗೋವಿಂದಘಾಟಿನ ಸೇತುವೆಯೂ ಕೊಚ್ಚಿಹೋಯಿತು. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೊನಾಕ್ ಸರೋವರ ಒಡೆದು, ತೀಸ್ತಾ ನದಿಯ ದೊಡ್ಡ ಅಣೆಕಟ್ಟನ್ನೇ ಎಳೆದೊಯ್ದಿತು. ಹಿಮನದಿಗಳು ಕರಗಿದಷ್ಟೂ ಇಂಥ ಸರೋವರಗಳು ಹೊಸದಾಗಿ ಹುಟ್ಟುತ್ತಿವೆ, ಹಳೆಯವು ಹಿಗ್ಗುತ್ತಿವೆ. ಇದನ್ನೆಲ್ಲ ಮಾವನವರು ಹೇಸರಗತ್ತೆಯ ಮೇಲೆ ಕುಳಿತು, ನಾನು ಪಕ್ಕದಲ್ಲಿ ನಡೆಯುತ್ತಿರುವಾಗ ವಿವರಿಸಿದರು.

ಕೊನೆಗೆ, ಮನೆಯಲ್ಲಿ ಯಾರಿಗೂ ಹೇಳಿರದ ಸಂಗತಿಯೊಂದನ್ನು ಹೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಒಂದು ರಾತ್ರಿ ಮಳೆಗೆ ಹಳ್ಳಿಯ ಕೆರೆಯೊಂದು ತುಂಬಿ ಏರಿಯಲ್ಲಿ ನೀರು ಒಸರತೊಡಗಿತು. ಏರಿ ಒಡೆದರೆ ಕೆಳಗಿನ ಊರೇ ಇಲ್ಲ. ಮೇಲಧಿಕಾರಿಗಳಿಗೆ ಸುದ್ದಿ ಮುಟ್ಟಿಸುವಷ್ಟು ಸಮಯವಿರಲಿಲ್ಲ. ಮಾವನವರು ಆಳುಗಳನ್ನು ಕರೆದು ಕೋಡಿಯನ್ನು ಇನ್ನೆರಡು ಅಡಿ ಕಡಿಸಿದರು. ಊರು ಉಳಿಯಿತು. ಕೋಡಿಯ ಕೆಳಗೆ ಗದ್ದೆಯಿದ್ದ ಒಬ್ಬ ರೈತನ ಬೆಳೆದು ನಿಂತ ಪೈರು ಪೂರ್ತಿ ಹೋಯಿತು.

“ಬೆಳಗ್ಗೆ ಅವನು ಏರಿಯ ಮೇಲೆ ನಿಂತು ನನ್ನನ್ನು ನೋಡಿದ. ಒಂದು ಮಾತೂ ಆಡಲಿಲ್ಲ. ನಾನು ಮಾಡಿದ್ದು ಸರಿಯೇ. ಇವತ್ತೂ ಅದನ್ನೇ ಮಾಡುತ್ತೇನೆ. ಆದರೂ ಎಲ್ಲಿ ನೀರು ಕಂಡರೂ ನನ್ನ ಕಣ್ಣು ಮೊದಲು ಕೋಡಿಯನ್ನೇ ಹುಡುಕುತ್ತದೆ.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಹೇಸರಗತ್ತೆಯ ಕೊರಳ ಗಂಟೆ ಸದ್ದು ಮಾಡುತ್ತಿತ್ತು. ಹಿಂದಿರುಗಿ ನೋಡಿದರೆ ನಾವು ಬಂದ ದಾರಿಯನ್ನು ಮೋಡ ಆಗಲೇ ನುಂಗಿತ್ತು. ಪಕ್ಕದಲ್ಲೆಲ್ಲೋ ಸರೋವರದ ನೀರು ನಮಗಿಂತ ಬೇಗ ಕೆಳಗಿಳಿಯುತ್ತಿರುವುದು ಕೇಳಿಸುತ್ತಿತ್ತು.

ಊರಿಗೆ ಮರಳಿದ ಸಂಜೆ ನನ್ನ ಹೆಂಡತಿ ಕಾಫಿ ತಂದಿಟ್ಟು, “ಅಪ್ಪಾ, ಸರೋವರ ಹೇಗಿತ್ತು?” ಎಂದು ಕೇಳಿದಳು. ನಾನು ಮಾವನವರ ಮುಖ ನೋಡಿದೆ.

ಅವರು ಲೋಟವನ್ನೆತ್ತಿಕೊಂಡು, “ಚೆನ್ನಾಗಿದೆಯಮ್ಮ. ಕೋಡಿ ಹರಿಯುತ್ತಿದೆಯಂತೆ,” ಎಂದರು.