ಹಿರಿಯೂರಿನ ದಾರಿಯಲ್ಲಿ ಪೆಟ್ರೋಲಿನ ಲೆಕ್ಕ

ಮೈಲಿ ಎಂಬ ಅಳತೆ ನಮ್ಮ ದೇಶವನ್ನು ಬಿಟ್ಟುಹೋಗಿ ಬಹುಕಾಲವಾಯಿತು. 1956ರ ಶಾಸನದ ತರುವಾಯ ದಾರಿಯ ಕಲ್ಲುಗಳೆಲ್ಲವೂ ಕ್ರಮಕ್ರಮವಾಗಿ ಕಿಲೋಮೀಟರಿನ ಭಾಷೆಯನ್ನು ಕಲಿತವು. ಆದರೂ ಕಾರು ಕೊಂಡವನನ್ನು ಕಂಡವರು ಇಂದಿಗೂ ಕೇಳುವುದು "ಮೈಲೇಜು ಎಷ್ಟು ಕೊಡುತ್ತದೆ?" ಎಂದೇ. ಹಸುವನ್ನು ಕೊಂಡವನನ್ನು ಹಾಲೆಷ್ಟು ಎಂದು ಕೇಳುವ ಧಾಟಿಯಲ್ಲಿಯೇ ಇದನ್ನೂ ಕೇಳುವರು. ಉತ್ತರ ಹೇಳುವವನೂ ಹಸುವಿನ ಒಡೆಯನಂತೆ ಒಂದೆರಡು ಪಾವು ಸೇರಿಸಿಯೇ ಹೇಳುವನು. ಯಾವ ವೇಗದಲ್ಲಿ ಓಡಿಸಿದಾಗ ಎಂದು ಮರುಪ್ರಶ್ನೆ ಹಾಕಿದವರನ್ನು ಮಾತ್ರ ನಾನು ಕಂಡಿಲ್ಲ.

ನನಗೆ ಆ ಮರುಪ್ರಶ್ನೆ ಹುಟ್ಟಿದುದು ಕೇವಲ ಕುತೂಹಲದಿಂದಲ್ಲ. ಹಿರಿಯೂರಿನಲ್ಲಿರುವ ನನ್ನ ಅಣ್ಣನಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಮಾತು ಉಳಿಯಿತು, ಆದರೆ ಬಾವಿಯಿಂದ ಕೊಡವನ್ನು ಸೇದಿದಂತೆ ಒಂದೊಂದೇ ಪದ ಮೇಲಕ್ಕೆ ಬರುತ್ತಿದ್ದಿತು. ಪ್ರತಿ ಶನಿವಾರವೂ ನಾನು ಹಾಗೂ ನನ್ನ ಹೆಂಡತಿ ದಾವಣಗೆರೆಯಿಂದ ಹೋಗಿ ಅವನನ್ನು ಕಂಡು ಬರುವುದೆಂದು ಗೊತ್ತುಮಾಡಿಕೊಂಡೆವು. ಹೋಗಲು ಸುಮಾರು 100 ಕಿಲೋಮೀಟರು, ಬರಲು ಅಷ್ಟೇ. ಮೊಣಕಾಲಿನ ನೋವಿನವಳನ್ನು ಬಸ್ಸಿನ ಮೆಟ್ಟಿಲು ಹತ್ತಿಸುವುದು ಆಗದ ಮಾತು. ಪೆಟ್ರೋಲಿನ ಬೆಲೆಯೋ ಲೀಟರಿಗೆ ನೂರು ರೂಪಾಯಿಯನ್ನು ದಾಟಿ ನಿಂತಿದೆ. ವಿಶ್ರಾಂತಿವೇತನವನ್ನು ನಂಬಿದ ಸಂಸಾರಕ್ಕೆ, ವಾರಕ್ಕೊಮ್ಮೆ ಹೋಗುವುದೋ ಹದಿನೈದು ದಿನಕ್ಕೊಮ್ಮೆ ಹೋಗುವುದೋ ಎಂಬ ನಿರ್ಣಯವು ಈ ಲೆಕ್ಕದ ಮೇಲೆಯೇ ನಿಂತಿದ್ದಿತು.

ಅಣ್ಣನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು, ವೇಗದ ಪಕ್ಷಪಾತಿ. "ಚಿಕ್ಕಪ್ಪ, ಬೇಗ ಹೋದರೆ ಎಂಜಿನ್ನು ಓಡುವ ಹೊತ್ತೂ ಕಡಿಮೆ, ಪೆಟ್ರೋಲೂ ಕಡಿಮೆ ಅಲ್ಲವೆ? ನೀವು ಸುಮ್ಮನೆ ಗಾಡಿಯನ್ನು ಎಳೆಯುತ್ತೀರಿ" ಎಂದು ಅವನ ವಾದ. ಈ ವಾದವನ್ನು ನಕ್ಕು ತಳ್ಳುವಂತಿಲ್ಲ. ನಿಂತಲ್ಲಿಯೇ ಗುರುಗುಡುವ ಕಾರು ಪೆಟ್ರೋಲನ್ನು ಕುಡಿಯುತ್ತದೆ, ಒಂದು ಗೇಣೂ ಮುಂದುವರಿಯುವುದಿಲ್ಲ; ಅದರ ಮೈಲೇಜು ಸೊನ್ನೆ. ತೀರ ಮೆಲ್ಲಗೆ ಕೆಳಗಿನ ಗೇರಿನಲ್ಲಿ ತೆವಳುವ ಕಾರಿನದೂ ಹೆಚ್ಚು ಕಡಿಮೆ ಅದೇ ಅವಸ್ಥೆ: ಎಂಜಿನ್ನು ತನ್ನೊಳಗಿನ ಘರ್ಷಣೆಯನ್ನು ತಾನೇ ಗೆಲ್ಲಲು ಮಾಡುವ ವೆಚ್ಚವು ಕೆಲವೇ ಕಿಲೋಮೀಟರುಗಳ ತಲೆಯ ಮೇಲೆ ಬೀಳುತ್ತದೆ. ಅಲ್ಲಿಂದ ವೇಗವನ್ನು ಏರಿಸಿದಂತೆ ಮೈಲೇಜೂ ಏರುವುದು ನಿಜವೇ. ಆದರೆ ಆ ಏರಿಕೆಗೆ ಒಂದು ನೆತ್ತಿಯುಂಟು. ಅದನ್ನು ದಾಟಿದ ಮೇಲೆ ಇಳಿಜಾರು, ಇಳಿಸುವವನು ಗಾಳಿರಾಯ. ಚಕ್ರದ ಉರುಳಿಕೆಯ ತಡೆ ವೇಗದೊಡನೆ ಅಷ್ಟಾಗಿ ಬದಲಾಗದು. ಗಾಳಿಯ ತಡೆಯಾದರೋ ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿದ್ದ ತಡೆ 100ಕ್ಕೆ ಹೋಗುವಷ್ಟರಲ್ಲಿ ಎರಡೂಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿರುತ್ತದೆ. ಆ ನೆತ್ತಿಯನ್ನು ದಾಟಿದ ಬಳಿಕ ಒಂದೊಂದು ವೇಗಕ್ಕೂ ನಮ್ಮ ಕಾರು ಕೇಳುವ ಬೆಲೆಯೆಷ್ಟು ಎಂಬುದನ್ನು ಅಳೆದೇ ತಿಳಿಯಬೇಕು.

ಅಳೆಯುವ ಕೆಲಸ ಕೇಳಿದಷ್ಟು ಸುಲಭವಲ್ಲ. ಕಾರಿನ ಮುಂದಿನ ಫಲಕದಲ್ಲಿ ಒಂದು ಅಂಕೆ ಮಿನುಗುತ್ತಿರುತ್ತದೆಯಲ್ಲ ಎನ್ನಬಹುದು. ಅದು ಎಂಜಿನ್ನಿಗೆ ಚಿಮ್ಮಿದ ಪೆಟ್ರೋಲನ್ನು ಯಂತ್ರವೇ ಅಂದಾಜಿಸಿ ಹೇಳುವ ಮಾತು. ನಮ್ಮ ಕಾರಿನ ಮಟ್ಟಿಗೆ ಅದು ಯಾವಾಗಲೂ ಸ್ವಲ್ಪ ಉದಾರವಾಗಿಯೇ ಹೇಳುತ್ತದೆ. ಆದುದರಿಂದ ಹಳೆಯ ಕ್ರಮವನ್ನೇ ಹಿಡಿದೆನು: ಟ್ಯಾಂಕನ್ನು ತುಂಬಿಸುವುದು, ಓಡಿಸುವುದು, ಮತ್ತೆ ತುಂಬಿಸಿ ಎಷ್ಟು ಹಿಡಿಯಿತೆಂದು ಬರೆದುಕೊಳ್ಳುವುದು. ಬಂಕು ಅದೇ, ಪಂಪೂ ಅದೇ, ಕಾರು ನಿಲ್ಲುವ ದಿಕ್ಕೂ ಅದೇ. ನಳಿಕೆ ತಾನಾಗಿ 'ಟಕ್' ಎಂದು ನಿಂತ ಮೇಲೆ ಒಂದು ತೊಟ್ಟನ್ನೂ ಸೇರಿಸತಕ್ಕದ್ದಲ್ಲ. ಹೀಗಿದ್ದರೂ ಒಂದು ತುಂಬಿಕೆಗೂ ಇನ್ನೊಂದಕ್ಕೂ ಅರ್ಧ ಲೀಟರಿನ ವ್ಯತ್ಯಾಸ ಬರಬಹುದು. 10 ಲೀಟರಿನಲ್ಲಿ ಅರ್ಧ ಲೀಟರೆಂದರೆ ನೂರಕ್ಕೆ 5. ಹುಡುಕುವ ಸಂಗತಿಯೇ ಅದರಲ್ಲಿ ಅರ್ಧ ಮುಳುಗಿಹೋದೀತು. ಅದಕ್ಕಾಗಿ ಒಂದೊಂದು ವೇಗಕ್ಕೂ ಮೂರು ಶನಿವಾರಗಳನ್ನು ಮೀಸಲಿಟ್ಟು 600 ಕಿಲೋಮೀಟರುಗಳನ್ನು ಕೂಡಿಸಿದೆನು. ಬೆಳಗಿನ ತಂಪಿನಲ್ಲಿ ತುಂಬಿಸಿದರೆ ಪೆಟ್ರೋಲು ಹೆಚ್ಚು ಬರುವುದೆಂದು ಹೇಳುವವರುಂಟು. ಬಂಕಿನ ತೊಟ್ಟಿ ನೆಲದೊಳಗೆ ಹೂತಿರುವುದರಿಂದ ಹಗಲಿರುಳಿನ ಬಿಸಿತಂಪು ಅದನ್ನು ಅಷ್ಟಾಗಿ ಮುಟ್ಟದು. ನಾನು ಬೆಳಗ್ಗೆ ಹೋಗುತ್ತಿದ್ದುದು ಆಗ ಸಾಲು ಇರುವುದಿಲ್ಲವೆಂದು.

ವೇಗಸೂಚಿಯ ಮುಳ್ಳನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಅದು ನಿಜವೇಗಕ್ಕಿಂತ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸಕೂಡದು ಎಂಬುದು ತಯಾರಿಕೆಯ ನಿಯಮ. ಹೆದ್ದಾರಿಯ ಅಂಚಿನಲ್ಲಿ ಹಳದಿ ತಲೆಯ ಕಲ್ಲುಗಳಿವೆ. ನನ್ನ ಹೆಂಡತಿ ಕೈಗಡಿಯಾರವನ್ನು ಹಿಡಿದು ಕಲ್ಲಿನಿಂದ ಕಲ್ಲಿಗೆ ಸೆಕೆಂಡುಗಳನ್ನು ಎಣಿಸುವ ಅಧಿಕಾರವನ್ನು ವಹಿಸಿಕೊಂಡಳು. ಕಿಲೋಮೀಟರಿಗೆ 60 ಸೆಕೆಂಡು ಹಿಡಿದರೆ ವೇಗ 60. 45 ಹಿಡಿದರೆ 80. 36 ಹಿಡಿದರೆ 100. ಮುಳ್ಳು 84ರಲ್ಲಿರುವಾಗ ನಾವು ನಿಜಕ್ಕೂ 80ರಲ್ಲಿ ಹೋಗುತ್ತಿದ್ದೆವೆಂದು ಗೊತ್ತಾದುದು ಅವಳಿಂದಲೇ. "ರೀ, ಮಾತಾಡಬೇಡಿ, ಕಲ್ಲು ಬಂತು" ಎಂದು ಆಕೆ ಗದರುತ್ತಿದ್ದಾಗ ನಲವತ್ತು ವರ್ಷ ಪಾಠ ಹೇಳಿದವನು ನಾನೋ ಇವಳೋ ಎಂದು ಸಂಶಯವಾಗುತ್ತಿದ್ದಿತು.

ಇನ್ನು ಗಾಳಿಯ ಪ್ರಕರಣ. ಚಿತ್ರದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದನ್ನು ಈ ದಾರಿಯಲ್ಲಿ ಹೋದವರೆಲ್ಲ ಕಂಡಿರುವರು. ಅಲ್ಲಿ ಗಾಳಿಗೆ ಬಡತನವಿಲ್ಲ. ಮಳೆಗಾಲದ ಪಡುವಣ ಗಾಳಿ ಹೋಗುವಾಗ ಬೆನ್ನನ್ನು ತಳ್ಳಿದರೆ ಬರುವಾಗ ಎದೆಗೆ ಒದೆಯುತ್ತದೆ. ಹೋಗುವುದನ್ನೂ ಬರುವುದನ್ನೂ ಕೂಡಿಸಿದರೆ ಎರಡೂ ಸರಿಹೋಗುವುದೆಂದು ತೋರಬಹುದು. ದಾರಿಯ ಏರಿಳಿತದ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ, ಗಾಳಿಯ ವಿಷಯದಲ್ಲಿ ಸರಿಯಲ್ಲ. 80ರಲ್ಲಿ ಹೋಗುವ ಕಾರಿಗೆ ನೇರವಾಗಿ 20ರ ಗಾಳಿ ಎದುರಾದರೆ ಅದು 100ರ ಗಾಳಿಯನ್ನು ಸೀಳಬೇಕು, ಬೆನ್ನಿಗಿದ್ದರೆ 60ರದನ್ನು. 100ರ ವರ್ಗ 10,000, 60ರ ವರ್ಗ 3,600, ಸರಾಸರಿ 6,800. ಗಾಳಿಯಿಲ್ಲದ ದಿನ 80ರ ವರ್ಗ 6,400 ಮಾತ್ರ. ಒಮ್ಮೆ ಉಪಕಾರ ಮಾಡಿದಂತೆ ಮಾಡಿ ಒಟ್ಟಿನಲ್ಲಿ ನೂರಕ್ಕೆ 6ರಷ್ಟು ಕಿತ್ತುಕೊಳ್ಳುವ ನೆಂಟನಂತೆ ಈ ಗಾಳಿ! ನಾನು ಮಾಘ, ಫಾಲ್ಗುಣಗಳ ಶಾಂತವಾದ ಬೆಳಗುಗಳನ್ನು ಆರಿಸಿಕೊಂಡುದು ಈ ಕಾರಣಕ್ಕೆ.

ಅಣ್ಣನು ಸಹಕಾರ ಸಂಘವೊಂದರಲ್ಲಿ ಆಯುಷ್ಯವನ್ನೆಲ್ಲ ಲೆಕ್ಕ ಬರೆದು ಕಳೆದವನು. ಮೊದಲ ಕೆಲವು ವಾರಗಳು ನಮ್ಮನ್ನು ನೋಡಿ ಕಣ್ಣೀರು ತಂದುಕೊಳ್ಳುವುದಲ್ಲದೆ ಅವನು ಬೇರೆ ಯಾವುದರಲ್ಲಿಯೂ ಆಸ್ಥೆ ತೋರಿಸಲಿಲ್ಲ. ಒಂದು ದಿನ ನನ್ನ ಜೇಬಿನಲ್ಲಿದ್ದ ಟಿಪ್ಪಣಿ ಪುಸ್ತಕವನ್ನು ಎಡಗೈಯಿಂದ ತೋರಿಸಿ "ಏನೋ ಅದು?" ಎಂದನು. ತೋರಿಸಿದೆನು. ಅಂದಿನಿಂದ ಶನಿವಾರ ನಾವು ಒಳಗೆ ಕಾಲಿಟ್ಟೊಡನೆ ಕ್ಷೇಮಸಮಾಚಾರಕ್ಕೂ ಮೊದಲು ಪುಸ್ತಕಕ್ಕೆ ಕೈ ಚಾಚುವುದು ಅವನ ರೂಢಿಯಾಯಿತು.

ಅಂಥ ಒಂದು ದಿನ ಮಗನೂ ಬಂದಿದ್ದನು. ಬೆಂಗಳೂರಿಗೆ ಹೋಗುವಾಗ ತನ್ನ ಕಾರು ಲೀಟರಿಗೆ 20 ಕೊಟ್ಟಿತೆಂದೂ, ಬರುವಾಗ ಊರಿನ ಜನಸಂದಣಿಯಲ್ಲಿ ಸಿಕ್ಕಿ 12ಕ್ಕೆ ಇಳಿಯಿತೆಂದೂ, ಒಟ್ಟು ಸರಾಸರಿ 16 ಎಂದೂ ಹೇಳಿದನು. ಮಂಚದ ಮೇಲಿನಿಂದ ಒಂದೇ ಪದ ಬಂದಿತು: "ಹದಿನೈದು." ಮಗ ಅಪ್ಪನ ಮುಖವನ್ನು ನೋಡಿದನು, ಬುದ್ಧಿಗೆ ಏನೋ ಆಗಿದೆಯೆಂದು ಹೆದರಿದನೋ ಏನೋ. ನಾನು ಪೆನ್ಸಿಲು ತೆಗೆದೆನು. 60 ಕಿಲೋಮೀಟರು ಹೋಗಲು ಲೀಟರಿಗೆ 20ರಂತೆ 3 ಲೀಟರು. ಅಷ್ಟೇ ದೂರ ಬರಲು 12ರಂತೆ 5 ಲೀಟರು. ಒಟ್ಟು 120 ಕಿಲೋಮೀಟರಿಗೆ 8 ಲೀಟರು. ಭಾಗಿಸಿದರೆ 15. ಮೈಲೇಜುಗಳ ಸರಾಸರಿಯನ್ನು ಹಿಡಿಯಬಾರದು, ಲೀಟರುಗಳನ್ನು ಕೂಡಿಸಬೇಕು ಎಂಬುದನ್ನು ಪಾರ್ಶ್ವವಾಯು ಅವನಿಂದ ಕಿತ್ತುಕೊಂಡಿರಲಿಲ್ಲ. ಅತ್ತಿಗೆ ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರಸಿಕೊಂಡರು.

ಒಂಬತ್ತು ಶನಿವಾರಗಳ ಫಲ ಹೀಗಿದ್ದಿತು: 60ರ ವೇಗದಲ್ಲಿ 600 ಕಿಲೋಮೀಟರಿಗೆ 27.4 ಲೀಟರು, 80ರಲ್ಲಿ 31.1, 100ರಲ್ಲಿ 37.6. ಇದು ಒಂದು ಚಿಕ್ಕ ಕಾರಿನ, ಒಂದು ದಾರಿಯ ಮಾತು. ಬೇರೆ ಕಾರಿನ ಅಂಕೆಗಳು ಬೇರೆ ಇರುವುವು. ಮೈಲೇಜಿನ ಭಾಷೆಯಲ್ಲಿ ಇವು ಸುಮಾರು 22, 19, 16 ಎಂದು ಮೆಟ್ಟಿಲಿಳಿದಂತೆ ಸಮನಾಗಿ ಕಾಣುವುವು. ಅಣ್ಣನು ಅದನ್ನು ಒಪ್ಪಲಿಲ್ಲ. ಎಡಗೈಯಲ್ಲಿ ವಕ್ರವಾಗಿ ಗೆರೆ ಎಳೆದು ಇನ್ನೊಂದು ಅಂಕಣವನ್ನು ಮಾಡಿ ಅದರ ನೆತ್ತಿಯಲ್ಲಿ "ನಿಮಿಷ" ಎಂದು ಬರೆದನು. ಹೋಗಿಬರುವ 200 ಕಿಲೋಮೀಟರಿಗೆ, ನಿಲುಗಡೆಗಳನ್ನು ಬಿಟ್ಟು, 60ರಲ್ಲಿ 200 ನಿಮಿಷ, 80ರಲ್ಲಿ 150, 100ರಲ್ಲಿ 120. ಎಂದರೆ ಮೊದಲು ಉಳಿದ 50 ನಿಮಿಷಕ್ಕೆ ನಾವು ತೆತ್ತುದು ಒಂದೂಕಾಲು ಲೀಟರು. ಆಮೇಲೆ ಉಳಿದ 30 ನಿಮಿಷಕ್ಕೆ ಎರಡು ಲೀಟರಿಗೂ ಹೆಚ್ಚು. ನಿಮಿಷವೊಂದರ ಬೆಲೆ ಹತ್ತಿರ ಹತ್ತಿರ ಮೂರು ಪಟ್ಟಾಗಿದ್ದಿತು! ಸಾಮಾನು ಹೆಚ್ಚು ಕೊಂಡವನಿಗೆ ಬೆಲೆ ಇಳಿಸುವುದು ಅಂಗಡಿಯ ರೂಢಿ. ಗಾಳಿಯ ಅಂಗಡಿಯಲ್ಲಿ ಹೆಚ್ಚು ಕೊಂಡಷ್ಟೂ ದರ ಏರುತ್ತದೆ.

ಒಂದು ಮನೆಯ ಈ ಲೆಕ್ಕವು ಒಮ್ಮೆ ಒಂದು ರಾಷ್ಟ್ರದ ಲೆಕ್ಕವೂ ಆಗಿದ್ದಿತು. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದಾಗ ಅಮೆರಿಕದ ಸಂಯುಕ್ತ ಸಂಸ್ಥಾನವು 1974ರ ಜನವರಿಯಲ್ಲಿ ಗಂಟೆಗೆ 55 ಮೈಲಿ, ಎಂದರೆ ಸುಮಾರು 88 ಕಿಲೋಮೀಟರು, ಮೀರಕೂಡದೆಂದು ದೇಶಕ್ಕೆಲ್ಲ ಶಾಸನ ಮಾಡಿತು. ಜನ ಅದನ್ನು ಮನಸಾರೆ ಒಪ್ಪಲಿಲ್ಲ. 1987ರಲ್ಲಿ ಸಡಿಲವಾಗಿ 1995ರಲ್ಲಿ ಅದು ರದ್ದಾಯಿತು. ಎಣ್ಣೆಯನ್ನು ಕಾನೂನಿನಿಂದ ಅಳೆಯಬಹುದು. ಜನರ ಹೊತ್ತಿಗೆ ಬೆಲೆ ಕಟ್ಟುವುದು ಹಾಗಲ್ಲ. ನಮ್ಮಲ್ಲಿ 1978ರಲ್ಲಿ ಏರ್ಪಟ್ಟ ಪೆಟ್ರೋಲಿಯಂ ಸಂರಕ್ಷಣ ಸಂಶೋಧನ ಸಂಘವು 45ರಿಂದ 55ರ ವೇಗ ಉತ್ತಮವೆಂದು ಹೇಳುತ್ತ ಬಂದಿದೆ. ಉಪದೇಶ ಒಳ್ಳೆಯದೇ. ಆದರೆ ನಾಲ್ಕು ಸಾಲಿನ ಹೆದ್ದಾರಿಯಲ್ಲಿ 50ರಲ್ಲಿ ಹೋಗುವವನ ಬೆನ್ನ ಹಿಂದೆ ಕಬ್ಬಿಣದ ಲಾರಿಯೊಂದು ಕಹಳೆ ಊದುತ್ತ ನಿಂತಾಗ, ಉಳಿಸಿದ ಪೆಟ್ರೋಲಿನ ನೆನಪು ಅಷ್ಟು ಸಮಾಧಾನವನ್ನು ಕೊಡುವುದಿಲ್ಲ.

ನಮ್ಮ ನಿರ್ಣಯ ಹೀಗಾಯಿತು. ವರ್ಷಕ್ಕೆ 50 ಪ್ರಯಾಣಗಳೆಂದರೆ 100ರ ವೇಗಕ್ಕೂ 60ರ ವೇಗಕ್ಕೂ 170 ಲೀಟರಿನ ಅಂತರ. ಅದು ಮಿಕ್ಕರೆ ಯಾವ ವಾರವನ್ನೂ ಬಿಡಬೇಕಾಗಿಲ್ಲ. ಆದರೆ ಹೋಗುವಾಗ ಅಲ್ಲಿ ಒಬ್ಬನು ಬಾಗಿಲನ್ನೇ ನೋಡುತ್ತ ಮಲಗಿರುವನು. ಬರುವಾಗ ಬೀಗ ಹಾಕಿದ ಮನೆಯಲ್ಲದೆ ಯಾರೂ ಕಾಯುತ್ತಿರುವುದಿಲ್ಲ. ಆದುದರಿಂದ ಹೋಗುವಾಗ 80, ಬರುವಾಗ 60. ಅಣ್ಣನ ಮಗ ಇದನ್ನು ಕೇಳಿ ನಕ್ಕನು. ಆದರೂ ತಾನು 90ಕ್ಕೆ ಇಳಿದಿರುವೆನೆಂದು ಅವನ ತಾಯಿಯ ಮೂಲಕ ತಿಳಿಯಿತು.

ಅಣ್ಣನಿಗೆ ಮಾತ್ರ ಲೆಕ್ಕ ಮುಗಿದುದು ಇಷ್ಟವಾಗಲಿಲ್ಲ. ಶಾಂತವಾದ ದಿನಗಳ ಅಂಕೆಗಳಷ್ಟೇ ಇದ್ದರೆ ಪುಸ್ತಕ ಅಪೂರ್ಣವೆಂದು ಅವನ ಆಕ್ಷೇಪಣೆ. ಆಷಾಢಕ್ಕೆಂದು ಮೂರು ಹಾಳೆಗಳಿಗೆ ಆಗಲೇ ಗೆರೆ ಎಳೆದಿಟ್ಟಿದ್ದಾನೆ. ಈ ಸಲದ ಗೆರೆಗಳು ಮೊದಲಿನಷ್ಟು ವಕ್ರವಾಗಿಲ್ಲ.