ಬೆಲ್ಲ ಬರ್ಲಿನ್‌ಗೆ ಬಂದಳು

‘ನಾಯಿಗೋಸ್ಕರ ಇಷ್ಟೆಲ್ಲ ಒದ್ದಾಡ್ತೀರಾ? ಬಿಟ್ಟು ಹೋಗಿ, ಅಲ್ಲೇ ಇನ್ನೊಂದು ಸಾಕಿದ್ರಾಯ್ತು’ ಅಂದವರು ಒಬ್ಬಿಬ್ಬರಲ್ಲ. ನನಗೆ ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ ಅಂದಾಗ ಏಳು ವರ್ಷದ ಮಗಳು ಕೇಳಿದ್ದು ಒಂದೇ ಪ್ರಶ್ನೆ: ‘ಬೆಲ್ಲನೂ ಬರ್ತಾಳಲ್ವಾ?’ ಬರ್ತಾಳೆ ಅಂದೆ. ಆ ಒಂದು ಮಾತು ಉಳಿಸಿಕೊಳ್ಳೋಕೆ ಎಷ್ಟು ಕಷ್ಟ ಇದೆ ಅಂತ ಆಗ ಗೊತ್ತಿರಲಿಲ್ಲ.

ಬೆಲ್ಲ ಬನಶಂಕರಿಯ ನಮ್ಮ ಬೀದಿಯಲ್ಲೇ ಸಿಕ್ಕವಳು. ಮಳೆಯಲ್ಲಿ ನೆನೆದು ಸ್ಕೂಟರ್ ಕೆಳಗೆ ಮುದುಡಿ ಕೂತಿದ್ದ ಮರಿ. ಬಣ್ಣ ನೋಡಿ ಮಗಳು ಹೆಸರಿಟ್ಟಳು. ಪ್ರತಿ ವರ್ಷ ತಪ್ಪದೆ ರೇಬೀಸ್ ಲಸಿಕೆ ಹಾಕಿಸಿದ್ದೆವು, ಕಾರ್ಡೂ ಇತ್ತು. ಅಷ್ಟು ಸಾಕು ಅಂದುಕೊಂಡಿದ್ದೇ ತಪ್ಪಾಯ್ತು.

ಐರೋಪ್ಯ ಒಕ್ಕೂಟದ ಲೆಕ್ಕವೇ ಬೇರೆ. ಮೊದಲು ನಾಯಿಯ ಚರ್ಮದಡಿ 15 ಅಂಕಿಯ ಮೈಕ್ರೋಚಿಪ್ ಇರಬೇಕು. ಅದರ ಮೇಲೆ ಹಾಕಿಸಿದ ಲಸಿಕೆಗೆ ಮಾತ್ರ ಬೆಲೆ. ಹಿಂದಿನವೆಲ್ಲ ಇದ್ದೂ ಇಲ್ಲದ ಹಾಗೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರೇಬೀಸ್ ತಡೆಯುವ ಶಕ್ತಿ ಮಿಲಿಲೀಟರ್‌ಗೆ 0.5 ಯೂನಿಟ್ ಆದರೂ ಇರಬೇಕು. ಇದ್ದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು. ರೇಬೀಸ್ ಮೈಯೊಳಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುವ ರೋಗ. ಅದಕ್ಕೇ ಈ ನಿಯಮ.

ಏಪ್ರಿಲ್ ಮಧ್ಯದಲ್ಲಿ ಚಿಪ್ ಹಾಕಿಸಿದೆವು. ಜೂನ್ 1ಕ್ಕೆ ನಾನು ಕೆಲಸಕ್ಕೆ ಸೇರಬೇಕು. ಬೆರಳೆಣಿಸಿ ನೋಡಿದರೆ ಬೆಲ್ಲ ಹೊರಡೋದು ಆಗಸ್ಟ್‌ನಲ್ಲಿ! ಬೇರೆ ದಾರಿ ಇರಲಿಲ್ಲ. ಅವಳನ್ನ ಹಾಸನದಲ್ಲಿ ಅಮ್ಮನ ಹತ್ತಿರ ಬಿಟ್ಟು ನಾವು ಮೂವರೂ ಹೊರಟೆವು.

ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಮ್ಮ ಒಬ್ಬರೇ. ‘ನಾಯಿ ಗೀಯಿ ನಂಗಾಗಲ್ಲ’ ಅಂತ ಗೊಣಗುತ್ತಲೇ ಒಪ್ಪಿಕೊಂಡವರು, ವಾರ ಕಳೆಯುವಷ್ಟರಲ್ಲಿ ವಿಡಿಯೋ ಕಾಲ್‌ನಲ್ಲಿ ಬೆಲ್ಲಳ ಸುದ್ದಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಇವತ್ತು ಮುದ್ದೆ ತಿಂದ್ಲು, ಹಾಲಿನವನಿಗೆ ಬೊಗಳಿದ್ಲು, ಧಾರಾವಾಹಿ ನೋಡೋವಾಗ ಕಾಲ ಹತ್ರಾನೇ ಮಲಗ್ತಾಳೆ.

ಮಾಲೀಕರು ಹೊರಡುವ ದಿನಕ್ಕೂ ನಾಯಿ ಹೊರಡುವ ದಿನಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು ಅಂತ ಇನ್ನೊಂದು ನಿಯಮ. ಹಾಗಾಗಿ ಆಗಸ್ಟ್ ಕೊನೆಗೆ ನನ್ನ ಗಂಡನೇ ಊರಿಗೆ ಹೋದರು. ಆ ರಾತ್ರಿ ಫೋನ್ ಮಾಡಿ ಪಿಸುಮಾತಿನಲ್ಲಿ, ‘ಇವಳನ್ನ ಹೇಗೆ ಕರ್ಕೊಂಡು ಬರೋದು ಹೇಳು. ಅತ್ತೆ ಹಿತ್ತಲಿಗೆ ಹೋದ್ರೂ ಹಿಂದೆನೇ ಹೋಗ್ತಾಳೆ’ ಅಂದರು.

ಫೋನ್ ಅಮ್ಮನಿಗೆ ಕೊಡಿಸಿದೆ. ‘ಅಮ್ಮಾ, ಬೆಲ್ಲ ನಿನ್ನ ಹತ್ರಾನೇ ಇರ್ಲಾ?’ ಸ್ವಲ್ಪ ಹೊತ್ತು ಆ ಕಡೆ ಸದ್ದೇ ಇಲ್ಲ. ‘ಇರಲಿ ಅಂತ ನಂಗೂ ಆಸೆ ಕಣೆ. ಆದ್ರೆ ಈ ಮಂಡಿ ಇಟ್ಕೊಂಡು ಎಷ್ಟು ದಿನ ಓಡಾಡಿಸ್ಲಿ? ಮಗೂಗೆ ಬೇರೆ ಮಾತು ಕೊಟ್ಟಿದ್ದೀಯ. ಕರ್ಕೊಂಡು ಹೋಗ್ಲಿ.’

ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಅನಿಮಲ್ ಕ್ವಾರಂಟೈನ್ ಕಚೇರಿಯ ಕಾಗದ ಆಯ್ತು. ನಿಂತು, ತಿರುಗಿ, ಮಲಗೋಕೆ ಜಾಗ ಇರುವಂಥ ಪೆಟ್ಟಿಗೆ ತಂದದ್ದಾಯ್ತು. ನಿದ್ದೆ ಮಾತ್ರೆ ಕೊಡಲೇಬೇಡಿ ಅಂದರು ಡಾಕ್ಟರು. ಪೆಟ್ಟಿಗೆಯೊಳಗೆ ಹಾಸೋಕೆ ಅಮ್ಮ ತಮ್ಮ ಹಳೇ ಕಾಟನ್ ಸೀರೆ ಮಡಚಿ ಕೊಟ್ಟಿದ್ದರು. ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ, ಅಲ್ಲಿಂದ ನಾಲ್ಕು ಗಂಟೆಗೂ ಮೀರಿದ ರೈಲು ಪ್ರಯಾಣ. ರೈಲಿನಲ್ಲಿ ಬೆಲ್ಲಳಿಗೂ ಟಿಕೆಟ್! ಬಾಗಿಲು ತೆಗೆದಾಗ ಮಗಳನ್ನ ಬೀಳಿಸಿಯೇಬಿಟ್ಟಳು.

ನಮ್ಮ ಮನೆ ಇರೋದು ನೊಯ್‌ಕೋಲ್ನ್‌ನಲ್ಲಿ. ಹತ್ತು ನಿಮಿಷ ನಡೆದರೆ ಟೆಂಪೆಲ್‌ಹೋಫ್ ಬಯಲು. 1948-49ರಲ್ಲಿ ಸೋವಿಯತ್ ದಿಗ್ಬಂಧನದಿಂದ ಪಶ್ಚಿಮ ಬರ್ಲಿನ್‌ಗೆ ದಾರಿಗಳೆಲ್ಲ ಮುಚ್ಚಿದಾಗ ವಿಮಾನಗಳು ಕಲ್ಲಿದ್ದಲು, ಹಿಟ್ಟು ತಂದಿಳಿಸಿದ್ದು ಇಲ್ಲೇ. 2008ರಲ್ಲಿ ಈ ವಿಮಾನ ನಿಲ್ದಾಣ ಮುಚ್ಚಿತು. 2010ರಿಂದ ಇದು ಎಲ್ಲರ ಪಾರ್ಕ್. ಇಲ್ಲಿ ಕಟ್ಟಡ ಕಟ್ಟೋದು ಬೇಡ ಅಂತ 2014ರಲ್ಲಿ ಜನ ಮತ ಹಾಕಿ ತಡೆದರು. ರನ್‌ವೇ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಾರೆ. ನಾಯಿಗಳು ಹಗ್ಗ ಬಿಚ್ಚಿ ಓಡೋಕೆ ಬೇಲಿ ಹಾಕಿದ ಜಾಗಗಳೇ ಇವೆ.

ಬೆಲ್ಲ ಬರುವ ಮೊದಲ ಮೂರು ತಿಂಗಳು ನಮ್ಮನ್ನು ಯಾರೂ ಮಾತಾಡಿಸಿರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕರೆ ಒಂದು ‘ಹಲ್ಲೋ’, ಅಷ್ಟೇ. ಮೊದಲ ದಿನ ಆ ಬೇಲಿಯೊಳಗೆ ನಾನು ‘ಬೆಲ್ಲಾ, ಬಾ ಇಲ್ಲಿ’ ಅಂತ ಕೂಗಿದ್ದಕ್ಕೆ ಇನ್ನೂ ಎರಡು ನಾಯಿ ಓಡಿಬಂದವು! ಬೆಲ್ಲಾ ಅನ್ನೋದು ಇಲ್ಲಿ ನಾಯಿಗಳಿಗಿಡುವ ತೀರಾ ಸಾಮಾನ್ಯ ಹೆಸರು. ಬೆಲ್ಲ ಅಂದರೆ ನಮ್ಮಲ್ಲಿ ಏನು ಅಂತ ವಿವರಿಸುತ್ತ ವಿವರಿಸುತ್ತಲೇ ಪರಿಚಯ ಬೆಳೆಯಿತು. ಮಗಳ ಜರ್ಮನ್ ಸುಧಾರಿಸಿದ್ದೂ ಆ ಬೇಲಿಯ ಪಕ್ಕದಲ್ಲೇ. ನಾಯಿಗೆ ಇಲ್ಲಿ ವರ್ಷಕ್ಕೆ 120 ಯೂರೋ ತೆರಿಗೆ ಇದೆ, ವಿಮೆಯೂ ಕಡ್ಡಾಯ. ಕಟ್ಟುವಾಗ ನಾನು ಗೊಣಗಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಅಮ್ಮ ಬಂದರು. ಬೀದಿ ಬಾಗಿಲಲ್ಲೇ ಬೆಲ್ಲ ಕುಂಯ್‌ಗುಟ್ಟುತ್ತ ಅವರ ಕಾಲು ಸುತ್ತಿಕೊಂಡಳು. ಒಳಗೆ ಬಂದವರು ಅವಳ ಹಾಸಿಗೆ ನೋಡಿ, ‘ಅಯ್ಯೋ, ಈ ಸೀರೆ ಇನ್ನೂ ಒಗೆದೇ ಇಲ್ವೇನೇ?’ ಅಂತ ಬೈದರು. ಒಗೆಯೋಕೆ ಬೆಲ್ಲ ಬಿಟ್ಟಿರಲಿಲ್ಲ. ಜೂನ್ ಸಂಜೆಗಳಲ್ಲಿ ಸೀರೆ ಮೇಲೆ ಸ್ವೆಟರ್, ಕಾಲಿಗೆ ನನ್ನ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅಮ್ಮ ಬೆಲ್ಲಳ ಜೊತೆ ರನ್‌ವೇ ಮೇಲೆ ನಿಧಾನ ನಡೆಯುತ್ತಿದ್ದರು. ‘ಒಂಬತ್ತೂವರೆಯಾದ್ರೂ ದೀಪ ಹಚ್ಚೋ ಹೊತ್ತಾಗಿಲ್ವಲ್ಲೇ’ ಅನ್ನೋರು.

ಅವರ ವೀಸಾದಲ್ಲಿ ಇದ್ದದ್ದು 90 ದಿನ. ವಿಮಾನ ನಿಲ್ದಾಣದಿಂದ ವಾಪಸ್ ಬರುವಾಗ ಮಗಳು ಕೇಳಿದಳು, ‘ಬೆಲ್ಲಳಿಗೆ ಇರೋಕೆ ಬಿಡ್ತಾರೆ, ಅಜ್ಜಿಗೆ ಯಾಕೆ ಬಿಡಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀವೂ ನಾಯಿ ಬೆಕ್ಕಿನ ಜೊತೆ ಯೂರೋಪಿಗೆ ಹೊರಡುವವರಾದರೆ, ಆಫರ್ ಲೆಟರ್ ಬರಲಿ ಅಂತ ಕಾಯಬೇಡಿ. ಇವತ್ತೇ ಚಿಪ್ ಹಾಕಿಸಿ, ಆಮೇಲೆ ಲಸಿಕೆ ಹಾಕಿಸಿ, ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿ. ಆ ಲೆಕ್ಕ ಕಾಗದದ ಮೇಲೆ ಹಾಕಬಹುದು. ಊರಲ್ಲಿ ಒಬ್ಬರೇ ಉಳಿಯುವವರ ಲೆಕ್ಕವನ್ನೂ ಅದರ ಜೊತೆಗೇ ಕೂತು ಹಾಕಿ. ನಾವು ಹಾಕಿದ್ದು ತಡವಾಗಿ. ಈಗ ದಿನಾ ರಾತ್ರಿ, ಹಾಸನದಲ್ಲಿ ಧಾರಾವಾಹಿ ಮುಗಿಯುವ ಹೊತ್ತಿಗೆ, ಇಲ್ಲಿಂದ ಫೋನ್ ಹಚ್ಚುತ್ತೇವೆ. ಅಮ್ಮ ಮೊದಲು ಕೇಳೋದು, ‘ಬೆಲ್ಲ ಎಲ್ಲಿ?’