ಕೌದಿ ಕಟ್ಟಿದ ಕೋಣೆ

ಹುಲಗೂರಿನ ನಮ್ಮ ಮನೆಯ ಹಿತ್ತಲ ಕಡೆಗೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯಿದೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಜೋಳದ ಚೀಲ, ಗೋವಿನಜೋಳದ ಚೀಲ, ಶೇಂಗಾದ ಚೀಲ ಒಟ್ಟುತ್ತಿದ್ದರು. ಮನೆಯಲ್ಲಿ ಯಾರ ಮೇಲಾದರೂ ಸಿಟ್ಟು ಬಂದರೆ ನಾನು ಹೋಗಿ ಆ ಚೀಲಗಳ ಸಂದಿಯಲ್ಲಿ ಕೂರುತ್ತಿದ್ದೆ. ಹೊರಗಿನ ಸದ್ದು ಅಲ್ಲಿಗೆ ಬರುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಬರುತ್ತಿತ್ತು. ಬಂದದ್ದನ್ನು ಚೀಲಗಳು ತಿಂದು ಹಾಕುತ್ತಿದ್ದವು. ಇದು ತಿಳಿಯಲು ನನಗೆ ಸುಮಾರು ಇಪ್ಪತ್ತು ವರ್ಷ ಮತ್ತು ಒಂದು ಜೊತೆ ಸ್ಪೀಕರು ಬೇಕಾದವು.

ನನ್ನ ಸಂಶೋಧನೆ ನಮ್ಮ ಸೀಮೆಯ ಭಜನಾ ಮೇಳಗಳ ಬಗ್ಗೆ. ತತ್ವಪದಗಳು ಊರಿಂದೂರಿಗೆ ಹೇಗೆ ನಡೆದವು, ಯಾರ ಬಾಯಲ್ಲಿ ಏನಾದವು ಎಂಬುದು ವಿಷಯ. ಇದಕ್ಕೆ ನಾನು ದೂರ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಶಿಶುವಿನಹಾಳ ನಮ್ಮದೇ ಶಿಗ್ಗಾವಿ ತಾಲೂಕಿನಲ್ಲಿದೆ. ಶರೀಫರ ತಂದೆ ಇಮಾಮ್ ಸಾಹೇಬರು ಹುಲಗೂರಿನ ಖಾದರಿ ಗುರುಗಳಿಗೆ ನಡೆದುಕೊಳ್ಳುತ್ತಿದ್ದರೆಂಬುದು ಶರೀಫರ ಚರಿತ್ರೆ ಓದಿದವರಿಗೆ ಗೊತ್ತಿರುವ ಸಂಗತಿ. ನನ್ನ ಅಜ್ಜ ಮೇಳದ ಮುಂದಾಳು. ಅವನು ತೀರಿಕೊಂಡಾಗ ನಮಗೆ ಉಳಿದದ್ದು ಒಂದು ದಮ್ಮಡಿ, ಎರಡು ಜೊತೆ ತಾಳ, ಮತ್ತು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿದ್ದ 43 ಕ್ಯಾಸೆಟ್ಟು. ಯಾವನೋ ಉತ್ಸಾಹಿ ಶಿಷ್ಯ ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲಿಟ್ಟು ರಾತ್ರಿಯಿಡೀ ತುಂಬಿಸಿದ್ದು. ಹಾಡಿಗಿಂತ ಹಾಡಿನ ನಡುವಿನ ಮಾತು, ಕೆಮ್ಮು, ಚಹಾದ ಬಟ್ಟಲಿನ ಸದ್ದೇ ಅದರಲ್ಲಿ ಹೆಚ್ಚು. ನನಗೆ ಬೇಕಾದದ್ದೂ ಆ ಮಾತೇ.

ಮೊದಲ ವರ್ಷ ಪೂರ್ತಿ ಹೆಡ್‌ಫೋನಿನಲ್ಲೇ ಕೇಳಿದೆ. ಕಿವಿ ನೋಯುತ್ತಿತ್ತು, ಅದನ್ನು ತಡೆದುಕೊಳ್ಳಬಹುದಿತ್ತು. ಆದರೆ ಈ ಟೇಪುಗಳಲ್ಲಿ ಹತ್ತಾರು ದನಿಗಳಿವೆ. ಯಾವುದು ಯಾರದು ಎಂದು ಗುರುತಿಸಬಲ್ಲವರು ಊರಿನಲ್ಲಿ ಇನ್ನು ಮೂರು ಜನ. ಮೂವರಿಗೂ ಎಂಬತ್ತರ ಹತ್ತಿರ. ಅವರ ರುಮಾಲಿನ ಮೇಲೆ ಒಬ್ಬೊಬ್ಬರಿಗೆ ಹೆಡ್‌ಫೋನ್ ಏರಿಸಿ ಕೂರಿಸಿದರೆ ಒಬ್ಬ ಕಾಕಾ ಹೇಳಿದ್ದು ಇಷ್ಟು: “ಇದರಾಗ ಮಾತಾಡಿದ್ರ ನನ್ನ ತಲಿಯೊಳಗ ಯಾರೋ ಕುಂತಂಗ ಆಗತೈತಿ, ತಗೀ ಯವ್ವಾ.” ಎಲ್ಲರೂ ಒಟ್ಟಿಗೆ ಕೂತು, ಒಬ್ಬರ ಮಾತಿಗೆ ಇನ್ನೊಬ್ಬರು ತಕರಾರು ತೆಗೆದು ಕೇಳಬೇಕಾದ ಸಂಗತಿ ಇದು. ಅದಕ್ಕೆ ಸ್ಪೀಕರು ಬೇಕು. ಚೀಲಗಳನ್ನು ಪಡಸಾಲೆಗೆ ಸಾಗಿಸಿ, ಕೋಣೆಗೆ ಸುಣ್ಣದ ಬದಲು ಹೊಳೆಯುವ ಪೇಂಟು ಬಳಿಸಿ, ನಡುವೆ ಟೇಬಲ್ಲು ಹಾಕಿದೆ.

ಸ್ಪೀಕರು ಆರಿಸಲು ಹುಬ್ಬಳ್ಳಿಗೆ ಹೋದಾಗ ಒಂದು ಪಾಠ ಸಿಕ್ಕಿತು. ಅಂಗಡಿಯಲ್ಲಿ ಮೊದಲು ಕೇಳಿಸಿದ ಸ್ಪೀಕರು ಎದೆಗೆ ಗುದ್ದಿದಂತೆ ನುಡಿಯಿತು. ಸಿನಿಮಾ ಹಾಡಿಗೆ ಭರ್ಜರಿ. ಅದರ ಪಕ್ಕದ ಸ್ಟುಡಿಯೋ ಮಾನಿಟರು ಅದೇ ಹಾಡನ್ನು ಸಪ್ಪಗೆ, ಉಪ್ಪಿಲ್ಲದ ಸಾರಿನಂತೆ ಬಡಿಸಿತು. ಮಾನಿಟರಿನ ಕೆಲಸವೇ ಅದು. ಕೇಳುವವರನ್ನು ಮೆಚ್ಚಿಸಲು ತಳದ ದನಿಯನ್ನೂ ತುದಿಯ ಹೊಳಪನ್ನೂ ಏರಿಸದೆ, ಟೇಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಮುಂದಿಡುವುದು. 1978ರಲ್ಲಿ ಯಮಾಹಾ ಮಾಡಿದ ಬಿಳಿ ಬಟ್ಟಲಿನ ಎನ್‌ಎಸ್-10 ಎಂಬ ಸ್ಪೀಕರು ಜಗತ್ತಿನ ಸ್ಟುಡಿಯೋಗಳಲ್ಲೆಲ್ಲ ಕೂತದ್ದು ಅದು ಇಂಪಾಗಿತ್ತೆಂದಲ್ಲ. ಅದರ ತುದಿಯ ದನಿ ಎಷ್ಟು ಕರ್ಕಶವೆಂದರೆ ಅದರ ಮುಂದೆ ಟಿಶ್ಯೂ ಪೇಪರು ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದರು. ಆದರೆ ರೆಕಾರ್ಡಿಂಗಿನಲ್ಲಿದ್ದ ಹುಳುಕನ್ನು ಅದು ಮುಚ್ಚಿಡುತ್ತಿರಲಿಲ್ಲ. ನಾನು ಅದೇ ಮನೆತನದ ಎಚ್‌ಎಸ್-5 ತಂದೆ. ಐದು ಇಂಚಿನದು. ಎಂಟು ಇಂಚಿನದಕ್ಕೆ ಮನಸ್ಸು ಜಗ್ಗಿತ್ತು, ಫೆಲೋಶಿಪ್ಪಿನ ಹಣ ಜಗ್ಗಲಿಲ್ಲ. ಈಗ ನೋಡಿದರೆ ಅದೇ ಒಳ್ಳೆಯದಾಯಿತು. ಸಣ್ಣ ಕೋಣೆಯಲ್ಲಿ ದೊಡ್ಡ ಸ್ಪೀಕರು ಎಬ್ಬಿಸುವ ತಳದ ದನಿಗೆ ಹೋಗಲು ಜಾಗವಿರುವುದಿಲ್ಲ, ಅದು ಗೋಡೆಗೆ ಗೋಡೆಗೆ ಹಾಯುತ್ತ ಉಳಿಯುತ್ತದೆ.

ಮನೆಗೆ ತಂದು ಅಜ್ಜನ ಕ್ಯಾಸೆಟ್ಟು ಹಾಕಿದೆ. ಅಜ್ಜ ಹಂಡೆಯೊಳಗೆ ಕೂತು ಮಾತಾಡುತ್ತಿದ್ದ.

ಸ್ಪೀಕರಿನದೇ ದೋಷವೆಂದು ನನ್ನ ಮೊದಲ ತೀರ್ಮಾನ. ತಮ್ಮ ಗೋಡೆಯ ಮೇಲೆ ಹಾಕಿದ. ಮೊಟ್ಟೆಯ ಟ್ರೇ ಬಡಿದರೆ ಸ್ಟುಡಿಯೋ ಆಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಮೂವತ್ತು ಟ್ರೇ ಹೊತ್ತು ತಂದ. ಬಡಿದೆವು. ಚಪ್ಪಾಳೆ ಹೊಡೆದರೆ ಮೊದಲು ಬರುತ್ತಿದ್ದ ಕಟಕಟ ಮಾರುದನಿ ತುಸು ಮಂದವಾಯಿತು, ಹಂಡೆ ಹಂಡೆಯಾಗಿಯೇ ಉಳಿಯಿತು. ಒಂದು ತಿಂಗಳಲ್ಲಿ ಟ್ರೇಗಳ ಹಿಂದೆ ಜಿರಲೆಗಳ ಸಂಸಾರ ಹೂಡಿತು. ಅವ್ವ ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದಳು.

ಲೆಕ್ಕ ಹಾಕಿದಾಗಲೇ ನನಗೆ ಬುದ್ಧಿ ಬಂದದ್ದು. ಸದ್ದು ಒಂದು ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಹತ್ತು ಅಡಿಯ ಕೋಣೆಯಲ್ಲಿ ಅದು ಗೋಡೆಗೆ ಹೋಗಿ ಮರಳುವ ದಾರಿ ಇಪ್ಪತ್ತು ಅಡಿ. 1130ನ್ನು ಇಪ್ಪತ್ತರಿಂದ ಭಾಗಿಸಿದರೆ 56. ಅಂದರೆ ಸೆಕೆಂಡಿಗೆ 56 ಸಲ ಕಂಪಿಸುವ ದನಿ ಈ ಕೋಣೆಯ ಅಳತೆಗೆ ಸರಿಯಾಗಿ ಕೂತು, ಜೋಕಾಲಿಯನ್ನು ಹೊತ್ತಿಗೆ ಸರಿಯಾಗಿ ನೂಕಿದಂತೆ, ತಾನೇ ಹಿಗ್ಗುತ್ತದೆ. ಅದರ ಇಮ್ಮಡಿ 113 ಕೂಡ. ಉದ್ದ, ಅಗಲ ಬೇರೆ ಬೇರೆಯಿದ್ದರೆ ಈ ಹಿಗ್ಗುವಿಕೆ ಹಂಚಿಹೋಗುತ್ತದೆ. ನಮ್ಮದು ಹತ್ತಕ್ಕೆ ಹತ್ತು, ಸ್ಲ್ಯಾಬಿನ ಎತ್ತರವೂ ಹೆಚ್ಚುಕಡಿಮೆ ಹತ್ತು. ಮೂರೂ ದಿಕ್ಕಿನಿಂದ ಒಂದೇ ದನಿಗೆ ಮೆರವಣಿಗೆ. ಮತ್ತು 113 ಎಂದರೆ ಮಾತಾಡುವ ಗಂಡಸಿನ ದನಿಯ ನಟ್ಟನಡುವಿನ ಜಾಗ. ಅಜ್ಜನ ದನಿ ಸರಿಯಾಗಿ ಅಲ್ಲೇ ಇತ್ತು. ಆ ಅಲೆಯ ಉದ್ದ ಹತ್ತು ಅಡಿ. ಅದನ್ನು ತಡೆಯಲು ನಾವು ಎರಡು ಇಂಚಿನ ರಟ್ಟು ಬಡಿದಿದ್ದೆವು.

ಸಾಲದ್ದಕ್ಕೆ ನಾನು ಕುರ್ಚಿ ಹಾಕಿದ್ದು ಕೋಣೆಯ ಮಧ್ಯಕ್ಕೆ. ಕಂಪ್ಯೂಟರಿನಿಂದ 113ರ ಒಂದೇ ದನಿಯನ್ನು ನುಡಿಸುತ್ತ ಗೋಡೆಯಿಂದ ಗೋಡೆಗೆ ನಡೆದು ನೋಡಿದೆ. ಗೋಡೆಯ ಬಳಿ ಜೋರು, ಎರಡೂವರೆ ಅಡಿಗೆ ಬಂದರೆ ಬಹುತೇಕ ಮಾಯ, ನಡುವಿಗೆ ಬಂದರೆ ಮತ್ತೆ ಜೋರು. ಬಾಗಿಲಲ್ಲಿ ನಿಂತ ಅವ್ವ, “ಕರೆಂಟ್ ಕಂಬದಾಗ ಗುಂಯ್ ಅಂದಂಗ ಅಂತೈತಲ್ಲ, ಅದರ ಹಿಂದ ಯಾಕ ಸುತ್ತಾಕ್ಹತ್ತಿ?” ಎಂದಳು. ನಾನು ಅವಳನ್ನೂ ಸುತ್ತಿಸಿದೆ. ಮಾಯವಾಗುವ ಜಾಗ ಅವಳೇ ನನಗಿಂತ ಚೊಕ್ಕ ಹಿಡಿದಳು.

ಧಾರವಾಡ ಆಕಾಶವಾಣಿಯ ಸ್ಟುಡಿಯೋಗೆ ಒಮ್ಮೆ ಯುವವಾಣಿಗೆ ಕವಿತೆ ಓದಲು ಹೋದದ್ದು ನೆನಪಾಯಿತು. ದಪ್ಪ ಬಾಗಿಲು ಮುಚ್ಚಿದ ಕೂಡಲೇ ನನ್ನ ದನಿ ನನ್ನ ಬಾಯಿಂದ ಒಂದು ಗೇಣು ದಾಟಿ ಬಿದ್ದುಹೋದಂತಾಗಿ ಗಾಬರಿಯಾಗಿದ್ದೆ. ಆಗ ಕೋಣೆ ವಿಚಿತ್ರ ಅನಿಸಿತ್ತು. ವಿಚಿತ್ರವಾದದ್ದು ನಮ್ಮ ಮನೆಗಳೇ. ನಾವು ಗೋಲಗುಂಬಜಿನ ಪಿಸುಗುಟ್ಟುವ ಗ್ಯಾಲರಿಗೆ ಶಾಲೆಯ ಟ್ರಿಪ್ಪಿನಲ್ಲಿ ಹೋಗಿ ಕೂಗಿ ಬಂದವರು. ಕೂಗಿದ್ದು ಮರಳಿ ಬಂದರೆ ಖುಷಿಪಡುವುದೇ ನಮಗೆ ರೂಢಿ.

ಈ ವಿದ್ಯೆಯನ್ನು ಶುರುಮಾಡಿದ ವ್ಯಾಲೇಸ್ ಸೇಬಿನ್‌ನ ಕಥೆ ಓದಿದ್ದೂ ಆಗಲೇ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಸದ್ದು ಅಡಗಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಸರಿಮಾಡು ಎಂದು ಈ ಕಿರಿಯ ಅಧ್ಯಾಪಕನಿಗೆ ಹೇಳಿದರು. ಅವನ ಹತ್ತಿರ ಇದ್ದದ್ದು ಆರ್ಗನ್ನಿನ ಒಂದು ಕೊಳವೆ, ಒಂದು ಗಡಿಯಾರ, ಅವನದೇ ಕಿವಿ. ಊರು ಮಲಗಿದ ಮೇಲೆ ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು, ಇಷ್ಟು ಮೆತ್ತೆ ಇಟ್ಟರೆ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ ಇಟ್ಟು ಬರುತ್ತಿದ್ದ. ಆಗ ಅವನಿಗೆ 27 ವರ್ಷ. ನನ್ನದೇ ವಯಸ್ಸು. ಇದಕ್ಕಿಂತ ಹೆಚ್ಚಿನ ಹೋಲಿಕೆ ನಮ್ಮಿಬ್ಬರಲ್ಲಿಲ್ಲ, ಆದರೂ ಮೆತ್ತೆಯ ಮಾತು ಮನಸ್ಸಿನಲ್ಲಿ ಕೂತಿತು.

ಅಟ್ಟದ ಮೇಲೆ ನಮ್ಮಜ್ಜಿ ಹೊಲಿದ ಕೌದಿಗಳಿದ್ದವು. ಹಳೆಯ ಸೀರೆ, ಧೋತರ ಪದರು ಪದರಾಗಿ ಹಾಸಿ ದಟ್ಟ ಹೊಲಿಗೆ ಹಾಕಿದವು. ಒಂದೊಂದನ್ನು ಎತ್ತಲು ರಟ್ಟೆ ಬೇಕು. ತಮ್ಮ ಗೋಡೆಗುಂಟ ಒಂದು ಕನ್ನಡಿ ಸರಿಸುತ್ತ ಹೋದ, ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಕನ್ನಡಿಯಲ್ಲಿ ಸ್ಪೀಕರು ಕಂಡ ಜಾಗದಿಂದಲೇ ಸದ್ದು ಮೊದಲು ಪುಟಿದು ಕಿವಿಗೆ ಬರುವುದು. ಎಡಕ್ಕೊಂದು, ಬಲಕ್ಕೊಂದು, ಬೆನ್ನ ಹಿಂದೆ ಎರಡು ಕೌದಿಗಳನ್ನು ಗೋಡೆಯಿಂದ ಗೇಣು ದೂರಕ್ಕೆ ಬಿದಿರಿನ ಗಳಕ್ಕೆ ಕಟ್ಟಿದೆವು. ತಳದ ದನಿಗೆ ಕೌದಿ ಸಾಲದು. ಅದು ಮೂಲೆಗಳಲ್ಲಿ ಗುಂಪುಗೂಡುತ್ತದೆ, ಅದಕ್ಕೆ ಅಡಿಗಟ್ಟಲೆ ದಪ್ಪದ ವಸ್ತು ಬೇಕು. ಹಳೆಯ ಗಾದಿಗಳನ್ನು ಬಿಚ್ಚಿ ಅರಳೆಯನ್ನು ಹಿಂಜಿಸಿ, ಗೋಣಿಚೀಲಕ್ಕೆ ಸಡಿಲಾಗಿ ತುಂಬಿ, ನಾಲ್ಕೂ ಮೂಲೆಗೆ ನೆಲದಿಂದ ಆಳೆತ್ತರ ಒಟ್ಟಿದೆವು. ಕೋಣೆ ಮತ್ತೆ ಚೀಲದ ಕೋಣೆಯಾಯಿತು. ವಯರುಗಳನ್ನು ಮಾತ್ರ ಅರಳೆಯಿಂದ ದೂರವಿಟ್ಟೆ. ಇಲಿಗೆ ಬೋನು ಇಟ್ಟೆ. ಕುರ್ಚಿಯನ್ನು ಮಧ್ಯದಿಂದ ಎಳೆದು ಮುಂದಿನ ಗೋಡೆಯಿಂದ ನಾಲ್ಕಡಿಯೊಳಗೆ ತಂದೆ. ಸ್ಪೀಕರಿನ ಹಿಂದಿರುವ ಸ್ವಿಚ್ಚಿನಿಂದ ತಳದ ದನಿಯನ್ನು ಒಂದು ಮೆಟ್ಟಿಲು ಇಳಿಸಿದೆ. ಇಷ್ಟರಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಪುಕ್ಕಟೆಯ ಕೆಲಸ, ಕುರ್ಚಿ ಸರಿಸಿದ್ದು. ಗೆಳತಿಯ ಅಳತೆಯ ಮೈಕು ಎರವಲು ತಂದು ನೋಡಿದಾಗ 113ರ ಗುಡ್ಡ ತಗ್ಗಿ ದಿಬ್ಬವಾಗಿತ್ತು. 56 ಮಾತ್ರ ಅಲುಗಾಡಿರಲಿಲ್ಲ. ಅಜ್ಜನ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲವಾದ್ದರಿಂದ ಅದನ್ನು ಬಿಟ್ಟೆ.

ಆಮೇಲೆ ಹದಿನಾರನೇ ಕ್ಯಾಸೆಟ್ಟು ಹಾಕಿದೆ. ಪ್ಲೇಯರಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ, ಸ, ಚ, ತ ಅಕ್ಷರಗಳು ಬಿಚ್ಚಿಕೊಳ್ಳುವ ತನಕ ಕೋನ ಹೊಂದಿಸಿಕೊಂಡೆ. ಎರಡು ಪದಗಳ ನಡುವೆ ಅಜ್ಜ ಯಾರಿಗೋ ಹೇಳುತ್ತಿದ್ದ, ಆಗೆಲ್ಲ ಬಸ್ಸಿರಲಿಲ್ಲ, ಶಿಶುವಿನಹಾಳದ ಕಡೆಗೆ ಹೋಗುವಾಗ ತಾನು ಕೌದಿ ಹೊದ್ದಗೊಂಡು ನಡೆಯುತ್ತಿದ್ದೆ ಎಂದು. ಈ ಸಾಲು ನನಗೆ ಬಾಯಿಪಾಠ. ಹೋದ ವರ್ಷದ ಪ್ರಬಂಧವೊಂದರಲ್ಲಿ ಇದರ ಮೇಲೆಯೇ ಎರಡು ಪುಟ ಕಟ್ಟಿದ್ದೆ. ಮಾಗಿಯ ಚಳಿ, ಕೌದಿ ಹೊದ್ದ ಹಾಡುಗಾರ, ಪದಕ್ಕಾಗಿ ರಾತ್ರಿ ನಡೆಯುವ ಭಕ್ತಿ. ಮಾರ್ಗದರ್ಶಕರು ಆ ಪುಟಗಳ ಪಕ್ಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದಿದ್ದರು.

ಈಗ ಕೇಳಿಸಿದ್ದು ‘ಹೊದ್ದಗೊಂಡ’ ಅಲ್ಲ. ‘ಹೊತ್ತಗೊಂಡ’.

ನಿಲ್ಲಿಸಿ ಹಿಂದಕ್ಕೆ ಹೋದೆ. ಹತ್ತು ಸಲ. ‘ತ್ತ’ ಎನ್ನುವಾಗ ನಾಲಿಗೆ ಹಲ್ಲಿಗೆ ಅಂಟಿ ಗಂಟಲು ಒಂದು ಕ್ಷಣ ಸುಮ್ಮನಾಗುತ್ತದೆ. ‘ದ್ದ’ ಎನ್ನುವಾಗ ಗಂಟಲು ಗುಂಯ್‌ಗುಡುತ್ತಲೇ ಇರುತ್ತದೆ. ವ್ಯತ್ಯಾಸ ಆ ಒಂದು ಕ್ಷಣದ ಮೌನದಲ್ಲಿದೆ. ನನ್ನ ಖಾಲಿ ಕೋಣೆ ಹಿಂದಿನ ‘ಹೊ’ಕಾರವನ್ನು ಎಳೆದೆಳೆದು ಆ ಮೌನದೊಳಗೆ ತುಂಬುತ್ತಿತ್ತು. ಕೋಣೆಯ ಮೇಲೆ ಪೂರ್ತಿ ಹೊರೆ ಹೊರಿಸುವಂತೆಯೂ ಇಲ್ಲ. ಪ್ರಬಂಧ ಕಳಿಸುವ ಮುಂಚೆ ಇದೇ ಸಾಲನ್ನು ಹೆಡ್‌ಫೋನಿನಲ್ಲಿ ತಾಳೆ ನೋಡಿದ್ದೆ. ಹೆಡ್‌ಫೋನಿಗೆ ಕೋಣೆಯ ಹಂಗಿಲ್ಲ. ಆದರೂ ‘ಹೊದ್ದಗೊಂಡ’ ಎಂದೇ ಕೇಳಿಸಿತ್ತು. ಅಷ್ಟು ಹೊತ್ತಿಗೆ ನನಗೆ ಆ ಚಳಿಯ ಚಿತ್ರ ಇಷ್ಟವಾಗಿಬಿಟ್ಟಿತ್ತು.

ಅವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕೇಳಿದೆ, ಅಜ್ಜ ಕೌದಿ ಹೊತ್ತುಕೊಂಡು ಯಾಕೆ ಹೋಗುತ್ತಿದ್ದ?

“ಯಾಕಂದ್ರ? ಕೊಡಾಕ. ಅತ್ತಿಯಾರು ಊರೂರಿನ ಮಂದಿ ಕೌದಿ ಹೊಲಿದು ಕೊಡತಿದ್ರಲ್ಲ. ಹಳೀ ಅರಬಿ ಇಸಕೊಂಡ ಬರೂದು, ಹೊಲಿದಿದ್ದು ಮುಟ್ಟಸಿ ಬರೂದು ಮಾವಾರ ಕೆಲಸ. ಮುಟ್ಟಸಿದ ಊರಾಗ ಕತ್ತಲಾದ್ರ ಅಲ್ಲೇ ಭಜನಿಗೆ ಕುಂಡ್ರತಿದ್ರು. ಅಷ್ಟೂ ಗೊತ್ತಿಲ್ಲೇನ್ ನಿನಗ?”

ಗೊತ್ತಿರಲಿಲ್ಲ. ಕೇಳಬೇಕೆಂಬುದೂ ಗೊತ್ತಿರಲಿಲ್ಲ. ಅಜ್ಜಿಯನ್ನು ನನ್ನ ಟಿಪ್ಪಣಿಗಳಲ್ಲಿ ಹುಡುಕಿದೆ. 43 ಕ್ಯಾಸೆಟ್ಟುಗಳ ಬರಹದಲ್ಲಿ ಅವಳು ಒಮ್ಮೆ ಬರುತ್ತಾಳೆ, ‘ಹಿನ್ನೆಲೆಯಲ್ಲಿ ಹೆಂಗಸಿನ ದನಿ, ಚಹಾ’ ಎಂದು. ಪದಗಳು ಯಾವ ಊರಿಂದ ಯಾವ ಊರಿಗೆ ಹೋದವೆಂದು ನಾನು ಒಂದು ನಕ್ಷೆ ಬಿಡಿಸಿದ್ದೆ. ಮಠ, ದರ್ಗಾ, ಜಾತ್ರೆಗಳನ್ನು ಗೆರೆಗಳಿಂದ ಕೂಡಿಸಿದ್ದೆ. ಕೆಲವು ಗೆರೆಗಳು ಯಾವ ಜಾತ್ರೆಗೂ ಹೊಂದದೆ ಅಡ್ಡಾದಿಡ್ಡಿ ಹೋಗಿ ನನ್ನನ್ನು ಕಾಡುತ್ತಿದ್ದವು. ಮರುದಿನ ಮೂವರು ಕಾಕಾಗಳನ್ನು ಕೋಣೆಗೆ ಕರೆತಂದು ಕೂರಿಸಿ, ಟೇಪು ಹಾಕುವ ಮೊದಲು, ಅಜ್ಜಿ ಯಾವ ಯಾವ ಊರಿಗೆ ಕೌದಿ ಹೊಲಿದು ಕೊಡುತ್ತಿದ್ದಳೆಂದು ಕೇಳಿದೆ. ಮೂವರೂ ಸೇರಿ, ಜಗಳಾಡುತ್ತ, ಹನ್ನೊಂದು ಊರು ಹೇಳಿದರು. ಅಡ್ಡಾದಿಡ್ಡಿ ಗೆರೆಗಳಲ್ಲಿ ಏಳು ಅಲ್ಲಿಗೇ ಹೋಗುತ್ತಿದ್ದವು.

ಎರಡು ಪುಟಗಳನ್ನು ತೆಗೆದುಹಾಕಿ ಮಾರ್ಗದರ್ಶಕರಿಗೆ ಕಾಗದ ಬರೆದೆ. ತಪ್ಪಾಗಿ ಕೇಳಿದ್ದೆ ಎಂದು ಬರೆಯಲು ಮುಜುಗರವಾಯಿತು, ಬರೆದೆ. ಉಳಿದ ಹದಿನೈದು ಕ್ಯಾಸೆಟ್ಟುಗಳನ್ನು ಮತ್ತೆ ಮೊದಲಿಂದ ಕೇಳುತ್ತಿದ್ದೇನೆ. ಈ ತನಕ ಇನ್ನೂ ಆರು ಮಾತು ಬದಲಾಗಿವೆ, ಯಾವುದೂ ಇಷ್ಟು ದೊಡ್ಡದಲ್ಲ.

ಹೋದ ವಾರ ಚಳಿ ಹೆಚ್ಚಾಯಿತೆಂದು ಅವ್ವ ಬಲಗಡೆಯ ಕೌದಿಯನ್ನು ಬಿಚ್ಚಿಕೊಂಡು ಹೋದಳು. ಆ ಗೋಡೆ ಮತ್ತೆ ಸ್ವಲ್ಪ ನುಡಿಯುತ್ತಿದೆ. ಹದಿನೇಳನೆಯದನ್ನು ಶಿವರಾತ್ರಿ ಕಳೆದ ಮೇಲೆ ಹಾಕೋಣ ಎಂದುಕೊಂಡಿದ್ದೇನೆ.